ಗಂಜಿ ಫೋಟೋದೊಳಗಿನ ಗಡಿಯಾರ

ಮಿರಜದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಸರದಿಗಾಗಿ ಕೂತಿದ್ದೆ. ಎದುರಿನ ಗೋಡೆಯ ಮೇಲೆ ವಾರ್ಡಿನ ದಿನನಿತ್ಯದ ಕೆಲಸದ ಫೋಟೋಗಳನ್ನು ಹೊಸದಾಗಿ ತೂಗುಹಾಕಿದ್ದರು. ಒಂದರಲ್ಲಿ ನರ್ಸೊಬ್ಬಳು ಅಜ್ಜಿಯೊಬ್ಬರಿಗೆ ಗಂಜಿ ಉಣಿಸುತ್ತಿದ್ದಳು. ಆ ಅಜ್ಜಿಯೇ ಈಗ ಸೊಸೆಯೊಂದಿಗೆ ನನ್ನ ಪಕ್ಕದ ಬೆಂಚಿನಲ್ಲಿದ್ದರು.

"ಅಗಬಾಯಿ! ಸೋನಲ, ಹಿಂದಿನ ಗಡಿಯಾರ ನೋಡು. ಏಳೂ ಇಪ್ಪತ್ತು."

"ಇದ್ರ ಏನಾತ್ರಿ, ಅತ್ತಿ?"

"ಹೊತ್ತು ಮುಳುಗಿದ ಮ್ಯಾಲ ಉಣಬಾರದು ಅಂತ ಬಸದಿಯೊಳಗ ಎಲ್ಲಾರಿಗೂ ಹೇಳಾಕಿ ನಾನು. ಸಮಡೋಳಿ ಊರಿನ ಬೀಗರು ಇದನ್ನ ನೋಡಿದ್ರ ಏನಂದಾರು?"

"ಫೋಟೋ ತಗದದ್ದು ಮುಂಜಾನಿ ಅಲ್ಲೇನ್ರಿ?"

"ಮುಂಜಾನಿನ! ಗಡಿಯಾರ ನೋಡಿದವ್ರಿಗೆ ಅದು ಹ್ಯಾಂಗ ತಿಳೀಬೇಕು?"

"ಗಡಿಯಾರ ಕತ್ತರಿಸ್ರಿ ಅಂತ ಫೋಟೋದವ್ರಿಗೆ ಹೇಳೂಣು."

"ಗಡಿಯಾರಕ್ಕ ಹತ್ತಿಕೊಂಡ ಸಿಸ್ಟರ್ ತಲಿ ಐತಿ. ಅದೂ ಹೋಗ್ತೈತಿ. ಪಾಪ, ಕೂಸಿನಂಗ ನೋಡಿಕೊಂಡಾಳ. ಆಕಿ ಇರ್ಲಿ."

"ಹಂಗಾರ ಫೋಟೋನ ತಗಸೂಣೇನ್ರಿ?"

"ಬ್ಯಾಡ ಬ್ಯಾಡ! ನಾ ಎಷ್ಟು ಚಂದ ಬಂದೇನಿ ನೋಡು."

"ಸರಿ, ಕೆಳಗ 'ಮುಂಜಾನಿ ಗಂಜಿ' ಅಂತ ಬರಸೂಣು."

"ಮರಾಠಿಯೊಳಗ ಬರಸು. ಬೀಗರಿಗೆ ಕನ್ನಡ ಓದಾಕ ಬರೂದಿಲ್ಲ."

"ಬರಸ್ತೀನ್ರಿ. ಆದ್ರ ಅತ್ತಿ, ನೀವು ವಾರ್ಡಿನೊಳಗ ಇದ್ದಾಗ ಮುಂಜಾನಿ ಗಂಜಿ ದಿನಾ ನಾನ ಡಬ್ಬಿಯೊಳಗ ತಂದು ಉಣಸ್ತಿದ್ದೆ. ಸಿಸ್ಟರ್ ಉಣಸಿದ್ದು ಯಾವಾಗ್ರಿ?"

ಅಜ್ಜಿ ಅವಸರದಿಂದ ಕೋಲು ಹುಡುಕಿದರು.

"ನಡಿ ನಡಿ, ಎಕ್ಸ್‌ರೇಕ್ಕ ನಮ್ಮನ್ನ ಕರದ್ರು."

ಇಬ್ಬರೂ ಎದ್ದು ಬಾಗಿಲ ಕಡೆ ಹೋದರು. ಒಳಗಿನಿಂದ ಇನ್ನೂ ಯಾರ ಹೆಸರನ್ನೂ ಕರೆದಿರಲಿಲ್ಲ.