ಬ್ಯಾನರ್ ಮಡಚಿದ ಕೈ

ಅಧ್ಯಕ್ಷರಾದ ಲೋಕನಾಥ ಅಂಕಲ್, ವೇದಿಕೆಯ ಹಿರಿಯರೇ, ಮರಾಠಿ ನಾಡಿನ ನಮ್ಮ ಈ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಟ್ರೇನಿನಲ್ಲಿ ನಿಂತುಕೊಂಡೇ ಬಂದಿರುವ ಸಭಿಕರೇ,

ಹನ್ನೆರಡನೆಯ ತರಗತಿಯ ಮಾರ್ಕ್ಸಿಗಾಗಿ ನನಗೆ ಶಾಲು ಹೊದಿಸಿದ್ದೀರಿ. ಹಾಸ್ಟೆಲಿನಲ್ಲಿ ಓದಿದವಳು, ನನ್ನ ಕನ್ನಡ ಅರ್ಧ ಇಂಗ್ಲಿಷು. ಕ್ಷಮಿಸಿ. ಆದರೆ ಕೋಪಕ್ಕೆ ಮೀಡಿಯಂ ಇರುತ್ತದೆಯೇ?

ಸನ್ಮಾನದ ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತು: ಜಟ್ಟೆಪ್ಪ ಕಾಕಾ. ವಾಗ್ಳೆ ಎಸ್ಟೇಟಿನಲ್ಲಿ ಲೋಡಿಂಗ್ ಕೆಲಸ. ಇಪ್ಪತ್ತು ವರ್ಷದಿಂದ ನಮ್ಮ ಬ್ಯಾನರ್ ಕಟ್ಟುವವರೂ ಅವರೇ. ರಾಜ್ಯೋತ್ಸವದ ಹಿಂದಿನ ದಿನ ನಮ್ಮದನ್ನು ಕಟ್ಟಲು ನೌಪಾಡಾದ ಕಂಬದಿಂದ ಗಣೇಶ ಮಂಡಳದ ಹಳೆಯ ಮರಾಠಿ ಬ್ಯಾನರ್ ಬಿಚ್ಚಿದರು. ದೇವರ ಚಿತ್ರ ನೆಲಕ್ಕೆ ತಾಗಬಾರದೆಂದು ಹೆಗಲ ಮೇಲೆಯೇ ಮಡಚಿ, ಮಂಡಳಕ್ಕೆ ಒಪ್ಪಿಸಿದರು. ಪ್ರತಿ ವರ್ಷದ ಪದ್ಧತಿ ಅದು.

ಯಾರೋ ಬಿಚ್ಚಿದ್ದನ್ನಷ್ಟೇ ವಿಡಿಯೊ ಮಾಡಿದರು. ಒಂದೇ ದಿನದಲ್ಲಿ ನಾಲ್ಕು ಸಾವಿರ ಪೋಸ್ಟ್! ಮರಾಠಿಯಲ್ಲಿ "ಇವನನ್ನು ಓಡಿಸಿ". ಕನ್ನಡದಲ್ಲಿ "ಭೇಷ್ ಹುಲಿ". ಆಮೇಲೆ ಕೂತು ಹುಡುಕಿದೆ. ಬೆಳಗ್ಗೆ ಓಡಿಸಿ ಎಂದ ಖಾತೆಗಳೇ ಸಂಜೆ ಭೇಷ್ ಎಂದಿದ್ದವು. ಅಲ್ಲಿ ಮನುಷ್ಯರೇ ಇಲ್ಲ. ಯಂತ್ರ ನಡೆಸುವ ಖಾತೆಗಳು. ಚುನಾವಣೆ ಹತ್ತಿರವಿತ್ತು, ಎರಡು ಪಕ್ಷದವರು ಅದೇ ಕಂಬದ ಕೆಳಗೆ ಬಂದು ಕೂಗಿದರು. ಯಂತ್ರಕ್ಕೆ ಮಾತೃಭಾಷೆ ಯಾವುದು? ಯಂತ್ರಕ್ಕೆ ಹಸಿವಾಗುತ್ತದೆಯೇ? ಯಂತ್ರವನ್ನು ಯಾರು ಕೆಲಸದಿಂದ ತೆಗೆಯುತ್ತಾರೆ? ಕಾಕಾನನ್ನು ತೆಗೆದರು. "ಚಾರ್ ದಿನ್ ಮತ್ ಆನಾ", ನಾಲ್ಕು ದಿನ ಬರಬೇಡ ಎಂದ ಕೂಲಿಗಳ ಮೇಸ್ತ್ರಿ, ಮುಕಾದಮ. ತಿಂಗಳಾಯಿತು.

ಮಂಡಳದವರಿಗೆ ಸಿಟ್ಟು ಬಂದಿತೇ? "ಅರೇ, ಹಾ ತರ್ ಆಮ್ಚಾ ಜಟ್ಟೆಪ್ಪಾ!", ಇವ ನಮ್ಮ ಜಟ್ಟೆಪ್ಪನಲ್ಲವೇ ಎಂದು ನಕ್ಕರು. ಹೆದರಿದವರು ನಾವು. "ಈ ಸಲ ಆ ಹೆಸರು ಬೇಡ ಮಾರಾಯ್ರೆ, ಸುಮ್ನೆ ಗಲಾಟೆ ಆಗ್ತದೆ." ಕಮಿಟಿಯವರಿಗೆ ಹಾಗೆಂದವರು ನನ್ನ ಅಪ್ಪ. ಅಪ್ಪಾ, ಸಾರಿ, ಫೋನಿನಲ್ಲಿ ನೀವು ಹೇಳುವಾಗ ರಜೆಗೆ ಮನೆಗೆ ಬಂದಿದ್ದ ನಾನು ಪಕ್ಕದ ಕೋಣೆಯಲ್ಲೇ ಇದ್ದೆ.

ಆದರೆ ಅಪ್ಪನನ್ನು ಮಾತ್ರ ಬೈದರೆ ನಾನೂ ಅರ್ಧ ವಿಡಿಯೊ ತೋರಿಸಿದಂತೆ. ಕಾಮೋಠೆಯ ಹಾಸ್ಟೆಲಿನಲ್ಲಿ ಕೂತು ಆ "ಹುಲಿ" ಪೋಸ್ಟನ್ನು ಹೆಮ್ಮೆಯಿಂದ ಸಂಘದ ಗ್ರೂಪಿಗೆ ಕಳುಹಿಸಿದವಳು ನಾನು. ಕಾಕಾನ ಮಗಳು ಕಾಂಚನಾ ಫೋನ್ ಮಾಡಿದಳು: "ಅಕ್ಕಾ, ಅದು ನಮ್ಮಪ್ಪ. ಗುರ್ತs ಸಿಗ್ಲಿಲ್ಲೇನು ನಿಂಗ?"

ಸಿಕ್ಕಿರಲಿಲ್ಲ. ಚಿಕ್ಕಂದಿನಿಂದ ಅವರು ಹಾಕಿದ ಕುರ್ಚಿಯಲ್ಲೇ ಕೂತವಳಿಗೆ.

ಇಂದಿನ ಕುರ್ಚಿಗಳನ್ನೂ ಅವರೇ ಹಾಕಿದ್ದಾರೆ. ಅಗೋ, ಬಾಗಿಲ ಬಳಿ ನಿಂತಿದ್ದಾರೆ. ಕಾಕಾ, ಹೊರಗೆ ಹೋಗಬೇಡಿ. ಈ ಶಾಲು ಹಿಡಿದುಕೊಂಡು ನಾನೇ ಕೆಳಗೆ ಬರುತ್ತಿದ್ದೇನೆ. ಮುಂದಿನ ಸಾಲಿನವರು ದಯವಿಟ್ಟು ಒಂದು ಕುರ್ಚಿ ಬಿಟ್ಟುಕೊಡಿ.

ತಡೆದುಕೊಂಡು ಕೇಳಿದ್ದಕ್ಕೆ ನಿಮಗೆಲ್ಲ ಧನ್ಯವಾದ. ಫೋನ್ ಎತ್ತಿ ಹಿಡಿದಿರುವವರು ಈ ಸಲ ಪೂರ್ತಿ ವಿಡಿಯೊ ಮಾಡಿ. ನಮಸ್ಕಾರ.