ಲೊರೇನ್ ಮಹಲಿನ ಊಟದ ಪೆಟ್ಟಿಗೆ

ಇದು ನಮ್ಮ ಓಣಿಯ ಡೀಲಿಯಾ ಟ್ಯಾನ್ಸಿಗೆ ಆದದ್ದು. ಸತ್ತ ಅಕ್ಕ ವಿನಿಯ ತಿಂಗಳ ಪೂಜೆ ಮುಗಿಸಿ, ಚರ್ಚಿನಿಂದ ಕತ್ತಲಲ್ಲಿ ಒಬ್ಬಳೇ ಬರುತ್ತಿದ್ದಳು. ಹಾಳುಬಾವಿ ದಾಟಿದಳು. ಬಾವಿಗೆ ಹೆದರಲಿಲ್ಲ. ಹೆದರಿಕೆಯೆಲ್ಲ ಮುಂದಿನ ಬಯಲಲ್ಲಿ ಒಂಟಿಯಾಗಿ ನಿಂತ, ಅಕ್ಕ ತಂಗಿ ಇಬ್ಬರೂ ಕೆಲಸಕ್ಕಿದ್ದ ಲೊರೇನ್ ಮಹಲಿನದು.

ಅಂತಸ್ತಿನ ಮೇಲೆ ಅಂತಸ್ತಾಗಿ ಬಾಡಿಗೆ ಮನೆಗಳ ಆ ಮಹಲು ಕಟ್ಟಿದಾಗ, ದುಡ್ಡಿದ್ದವರು ಒಬ್ಬರ ತಲೆಯ ಮೇಲೊಬ್ಬರು ಬದುಕುತ್ತಾರೆಯೇ ಎಂದು ನ್ಯೂಯಾರ್ಕೆಲ್ಲ ನಕ್ಕಿತ್ತು. ಬಂದರು, ಬದುಕಿದರು. ಅಮೃತಶಿಲೆಯ ಮೆಟ್ಟಿಲು, ನಲ್ಲಿಯಲ್ಲಿ ಬಿಸಿನೀರು, ನೆಲಮಾಳಿಗೆಯ ಅಡುಗೆಮನೆಯಿಂದ ಊಟ ಮೇಲಕ್ಕೆಳೆಯುವ ಹಗ್ಗದ ಪೆಟ್ಟಿಗೆ... ಎಲ್ಲ ಇತ್ತು. ಕೆಲಸದವರ ಕೋಣೆಗೆ ಮಾತ್ರ ಕಿಟಕಿಯಿಲ್ಲ. ವಿನಿ ಜ್ವರದಲ್ಲಿ ಸತ್ತದ್ದು ಅಂಥ ಕೋಣೆಯಲ್ಲಿ.

ಡೀಲಿಯಾ ಅಡುಗೆಮನೆಗೆ ಕಾಲಿಡುತ್ತಲೇ ಗೋಡೆಯೊಳಗೆ ಪೆಟ್ಟಿಗೆಯ ಹಗ್ಗ ಸದ್ದು ಮಾಡಿತು. ಕಿರ್ರ್... ಕಿರ್ರ್... ಟಕ್.

"ನಿಮ್ಮಕ್ಕ ಶುರುಮಾಡಿದ್ಲು," ಅಡುಗೆಯ ಗಾರ್ಮ್ಲಿ ಅಮ್ಮ ಪಿಸುಗುಟ್ಟಿದಳು.

"ಇಲಿ ಇರ್ಬೇಕು."

"ಹಗ್ಗ ಎಳೆಯೋ ಇಲಿಯಾ? ಹಾಗಾದ್ರೆ ಅದಕ್ಕೂ ಸಂಬಳ ಕೊಡ್ಲಿ." ಆಮೇಲೆ ಇನ್ನೂ ಮೆಲ್ಲಗೆ, "ಜೀವ ಹೋದಾಗ ಕಿಟಕಿ ತೆಗೀಬೇಕು. ನೀನು ಏನು ತೆಗೆದೆ?"

"ಕಿಟಕಿ ಎಲ್ಲಿತ್ತು? ಗೋಡೇಲಿದ್ದ ಪೆಟ್ಟಿಗೆ ಬಾಗಿಲು ತೆಗೆದೆ."

"ಅಯ್ಯೋ ಮಂಕೆ... ಅದಕ್ಕೆ ಹೊರಗೆ ದಾರಿ ಎಲ್ಲಿದೆ? ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ಅಷ್ಟೇ."

ಡೀಲಿಯಾಗೆ ಈಗ ಹೊಳೆಯಿತು. ಅಕ್ಕನನ್ನು ತಾನೇ ಗೋಡೆಯೊಳಗೆ ಹಾಕಿದ್ದಳು.

"ಮಾಳಿಗೆ ಮೇಲೆ, ಪೆಟ್ಟಿಗೆ ಓಡಾಡೋ ಗೂಡಿನ ನೆತ್ತೀಲಿ ಗಾಜಿದೆ. ಒಡೀತೀನಿ."

"ಗೊತ್ತಾದ್ರೆ ಬೆಳಿಗ್ಗೆಗೆ ನೀನು ಬೀದೀಲಿ."

"ಅವಳು ಒಳಗಿರೋದಕ್ಕಿಂತ ನಾನು ಬೀದೀಲಿರೋದು ವಾಸಿ."

ಹಿಂಬದಿಯ ಮೆಟ್ಟಿಲು ಹತ್ತಿದಳು. ಗೋಡೆಯೊಳಗೆ ಪೆಟ್ಟಿಗೆಯೂ ಹತ್ತಿತು... ಕಿರ್ರ್... ಅವಳು ನಿಂತಳು. ಅದೂ ನಿಂತಿತು. ಅವಳು ಹತ್ತಿದಳು. ಕಿರ್ರ್... ಕೊನೆಯ ಅಂತಸ್ತಿನಲ್ಲಿ ಅದು ಅವಳಿಗಿಂತ ಮೊದಲೇ ತಲುಪಿತ್ತು. ಟಕ್.

ಮಾಳಿಗೆಗೆ ಹತ್ತಿ, ಗೂಡಿನ ನೆತ್ತಿಯ ಗಾಜಿಗೆ ಬೂಟಿನ ಹಿಮ್ಮಡಿಯಿಂದ ಬಡಿದಳು. ಛಳ್... ಚೂರುಗಳು ಒಳಗೆ ಉದುರುತ್ತ ಹೋದವು. ಕೆಳಗೆ ತಾಕಿದ ಸದ್ದೇ ಬರಲಿಲ್ಲ.

ಹೋಗುವ ಆತ್ಮಕ್ಕೆ ಅಡ್ಡ ನಿಲ್ಲಬಾರದು. ಡೀಲಿಯಾ ಪಕ್ಕಕ್ಕೆ ಸರಿದಳು. "ಅಕ್ಕಾ... ಹೋಗು." ಕೆನ್ನೆಯ ಹತ್ತಿರ ಯಾರೋ ಉಸಿರೆಳೆದುಕೊಂಡ ಹಾಗಾಯಿತು. ಅಷ್ಟೇ. ಹಗ್ಗ ಸುಮ್ಮನಾಯಿತು.

ಬೆಳಿಗ್ಗೆ ಮ್ಯಾನೇಜರ್ ಏಳುವ ಮೊದಲು, ಚೂರು ಆಯ್ದು ಮುಚ್ಚಿಡೋಣವೆಂದು ಇಬ್ಬರೂ ಪೆಟ್ಟಿಗೆಯನ್ನು ಕೆಳಗಿಳಿಸಿ ತೆರೆದರು. ಗಾಜೆಲ್ಲ ಒಂದು ತಟ್ಟೆಯಲ್ಲಿತ್ತು. ಒಂದು ಚೂರೂ ಆಚೀಚೆ ಬಿದ್ದಿರಲಿಲ್ಲ. ದೊಡ್ಡವು ಅಡಿಯಲ್ಲಿ, ಪುಡಿ ಮೇಲೆ. ಪೆಟ್ಟಿಗೆಯ ಹಲಗೆ ಆಗಷ್ಟೇ ಒರೆಸಿದ ಹಾಗೆ ಒದ್ದೆಯಾಗಿತ್ತು.

ಡೀಲಿಯಾಳ ಕೆಲಸ ಉಳಿಯಿತು. ಗಾರ್ಮ್ಲಿ ಅಮ್ಮ ಸಾಯುವವರೆಗೂ ಹೇಳಿದ್ದು ಒಂದೇ ಮಾತು: "ಆ ತಟ್ಟೆ ನನ್ನ ಅಡುಗೆಮನೆಯದಲ್ಲ." ಈಗ ಅದು ಡೀಲಿಯಾಳ ಮನೆಯಲ್ಲಿದೆ, ನಾನೂ ನೋಡಿದ್ದೇನೆ. ಬಿಳಿ ತಟ್ಟೆ, ಅಂಚಿಗೆ ನೀಲಿ ಗೆರೆ. ಡೀಲಿಯಾ ಅದರಲ್ಲಿ ಯಾರಿಗೂ ಊಟ ಬಡಿಸುವುದಿಲ್ಲ.