ಹೆಸರು ಹಾಕದೆ ಬರೆದ ಕೋಟಿನ ಕಥೆ

ಹಲೋ... ಹಲೋ, ಯಾರು ಮಾತಾಡ್ತಿರೋದು? ಗುಮಾಸ್ತರಾ? ಲಾಯರ್ ಇದ್ದಾರಾ? ನಾನು ಅವರ ಅಣ್ಣನ ಮಗಳು... ಹಾಂ, ಅದೇ, ಬ್ಲಾಗ್ ಬರೆಯೋಳು. ನಗಬೇಡಿ, ಫೋನ್ ಕೊಡಿ ಅವರಿಗೆ.

...

ಚಿಕ್ಕಪ್ಪಾ! ಮಾನನಷ್ಟದ ಕೇಸು ಒಬ್ಬರ ಮೇಲೆ ಎಷ್ಟು ಜನ ಹಾಕಬಹುದು? ... ಮೂರು. ಸದ್ಯಕ್ಕೆ ಮೂರು ಜನ.

...

ಇಲ್ಲಪ್ಪಾ, ಹೆಸರು ಹಾಕಿಲ್ಲ. ನೀವೇ ಹೇಳಿದ್ರಲ್ಲ, ಹೆಸರು ಹಾಕಬೇಡ, ಗುರುತು ಸಿಗೋ ಹಾಗೆ ಬರೀಬೇಡ ಅಂತ. ಚಾಚೂ ತಪ್ಪದೆ ಪಾಲಿಸಿದೆ. ಎಡವಟ್ಟಾಗಿದ್ದೇ ಅಲ್ಲಿ.

...

ಮೊದಲಿಂದ ಹೇಳ್ಲಾ? ನಮ್ಮ ಮನೆ ಓನರ್ ಗೊತ್ತಲ್ಲ, ಕೆಳಗಡೆ ಲಾಂಡ್ರಿ ಇಟ್ಟಿರೋರು? ನಮ್ಮೆಜಮಾನರ ಕೋಟು ಒಗೆಯೋಕೆ ಕೊಟ್ಟಿದ್ವಿ. ನಾಳೆ ಬಾ, ನಾಡಿದ್ದು ಬಾ ಅಂತ ಹತ್ತು ದಿನ ಸತಾಯಿಸಿದ್ರು. ಆಮೇಲೆ ನೋಡಿದ್ರೆ, ಒಂದು ಮದುವೇಲಿ ಅದನ್ನೇ ತೊಟ್ಕೊಂಡು ಐಸ್‌ಕ್ರೀಮ್ ತಿಂತಾ ನಿಂತಿದ್ದಾರೆ! ... ಅಯ್ಯೋ, ಅದೇ ಕೋಟು ಚಿಕ್ಕಪ್ಪಾ. ಒಂದು ಗುಂಡಿ ಮಾತ್ರ ಹಸಿರು, ನಾನೇ ಹೊಲಿದಿದ್ದು.

...

ಹೇಗೆ ಕೇಳೋದು? ಮನೆ ಖಾಲಿ ಮಾಡಿ ಅಂದ್ರೆ? ಬಾಲ್ಕನಿ ಇರೋ ಇಂಥ ಮನೆ ಇನ್ನೊಂದು ಕನಸಲ್ಲೂ ಸಿಗಲ್ಲ. ಹೊಟ್ಟೆ ಉರೀತಿತ್ತು, ಬಾಯಿ ಬಿಡೋ ಹಾಗಿರ್ಲಿಲ್ಲ. ಅದಕ್ಕೇ ಬ್ಲಾಗಲ್ಲಿ ಬರೆದೆ. ಲಾಂಡ್ರಿ ತೆಗೆದು ಟೈಲರ್ ಅಂತ ಹಾಕಿದೆ.

...

ಹಾಂ, ಬೀದೀಲಿ ಟೈಲರ್ ಇದ್ದಾರೆ... ಒಬ್ಬರೇ. ಟೇಪು ಕೊರಳಿಗೆ ಹಾಕ್ಕೊಂಡೇ ಜಗಳಕ್ಕೆ ಬಂದ್ರು. ಗಾಬರಿಯಾಗಿ ಅದನ್ನ ಅಳಿಸಿ ಸಲೂನಿನವರು ಅಂತ ಮಾಡಿದೆ. ಗಿರಾಕಿ ನೇತುಹಾಕಿದ ಕೋಟು ತೊಟ್ಕೊಂಡು ಓಡಾಡ್ತಾರೆ ಅಂತ.

...

ಹೂಂ, ಅವರೂ ಒಬ್ಬರೇ! ಈಗ ಎಲ್ಲರೂ ಕೋಟು ಬಿಚ್ಚದೇ ಕಟಿಂಗ್ ಮಾಡಿಸ್ಕೊಳ್ತಾರಂತೆ. ಕೂದಲೆಲ್ಲ ಕಾಲರಿನೊಳಗೆ. ಆಮೇಲೆ, ಈ ಕೋಟಿನ ಸಹವಾಸವೇ ಬೇಡ ಅಂತ ಬೂಟು ಮಾಡಿದೆ. ಬೂಟು ರಿಪೇರಿಯವರು ಗಿರಾಕಿ ಬೂಟು ಮೆಟ್ಕೊಂಡು ತಿರುಗ್ತಾರೆ ಅಂತ. ಪಾಪ, ಅವರ ಪಾದ ಎಷ್ಟು ದೊಡ್ಡದು ಅಂದ್ರೆ ಯಾರ ಬೂಟೂ ಹತ್ತಲ್ಲ. ಆದ್ರೂ ಜನ ರಿಪೇರಿ ಮುಗಿಯೋ ತನಕ ಅವರ ಕಾಲನ್ನೇ ನೋಡ್ತಾ ಕೂರ್ತಾರಂತೆ. ಬೆಳಿಗ್ಗೆ ನನ್ನ ಮುಂದೆ ಕಣ್ಣೀರು ಹಾಕಿದ್ರು. ನಂಗೆ ನಿಜವಾಗ್ಲೂ ನಾಚಿಕೆಯಾಗೋಯ್ತು ಚಿಕ್ಕಪ್ಪಾ.

...

ಏನು, ನಿಜ ಬರೆದಿದ್ರೆ ವಾದ ಮಾಡ್ತಿದ್ರಾ? ಸುಳ್ಳಿಗೆ ಏನೂ ಮಾಡೋಕಾಗಲ್ವಾ? ಮೂರೂ ಸುಳ್ಳಿಗಾ? ... ಗೊತ್ತು ಗೊತ್ತು, ಬೈಬೇಡಿ. ಅದಕ್ಕೇ ಈಗಷ್ಟೇ ಕ್ಷಮೆ ಕೇಳಿ ಹಾಕ್ಬಿಟ್ಟೆ. ಓದ್ತೀನಿ ಕೇಳಿ. 'ಹಾಗೆ ಮಾಡಿದವರು ಟೈಲರ್ ಅಲ್ಲ, ಸಲೂನಿನವರಲ್ಲ, ಬೂಟು ರಿಪೇರಿಯವರಲ್ಲ. ಆದರೆ ನಮ್ಮ ಬೀದಿಯಲ್ಲೇ ಅಂಗಡಿ ಇಟ್ಟವರು.' ಚೆನ್ನಾಗಿದೆ ಅಲ್ವಾ?

...

ಬೀದೀಲಿ ಒಟ್ಟು ಎಷ್ಟು ಅಂಗಡೀನಾ? ನಾಲ್ಕು. ... ನಾಲ್ಕನೇದಾ? ... ಅಯ್ಯಯ್ಯೋ!

...

ಅಳಿಸ್ತೀನಿ, ಇರಿ... ಚಿಕ್ಕಪ್ಪಾ, ಯಾರೋ ಬಾಗಿಲು ಬಡೀತಿದ್ದಾರೆ. ಓನರ್ರೇ! ನೀವು ಫೋನ್ ಇಡಬೇಡಿ, ನಿಮ್ಮ ದಮ್ಮಯ್ಯ... ಬನ್ನಿ ಅಂಕಲ್. ಹಾಂ, ಅದು ನಾನೇ ಬರೆದಿದ್ದು... ಕೂತ್ಕೊಳ್ಳಿ...

...

ಚಿಕ್ಕಪ್ಪಾ, ಮೆಲ್ಲಗೆ ಹೇಳ್ತೀನಿ. ಅವರಿಗೆ ಹೊಳೆದೇ ಇಲ್ಲ! 'ಯಾರಮ್ಮಾ ಆ ನಾಚಿಕೆಗೆಟ್ಟೋನು' ಅಂತ ನನ್ನನ್ನೇ ಕೇಳ್ತಿದ್ದಾರೆ. ಗಿರಾಕಿ ಬಟ್ಟೆ ತೊಟ್ಟಮೇಲೆ ಇನ್ನೊಂದು ಸಲ ಒಗೆದು, ಇಸ್ತ್ರಿ ಮಾಡಿ ಕೊಡೋದು ಮರ್ಯಾದೆಯಂತೆ. ಇವರು ಯಾವಾಗಲೂ ಹಾಗೇ ಮಾಡೋದಂತೆ!

...

ಬರೆಸಿಕೊಂಡು ಸಹಿ ಹಾಕಿಸ್ಲಾ? ... ಅಂಕಲ್, ಈಗ ಹೇಳಿದ್ರಲ್ಲ, ಅದನ್ನೇ ಬ್ಲಾಗಿಗೆ ಹಾಕ್ಲಾ? ಇಲ್ಲೊಂದು ಸಹಿ... ಒಪ್ಪಿದ್ರು ಚಿಕ್ಕಪ್ಪಾ! ಎದೆ ಉಬ್ಬಿಸ್ಕೊಂಡು ಒಪ್ಪಿದ್ರು. ಪೆನ್ನಿಗೆ ಅಂತ ಕೋಟಿನ ಜೇಬಿಗೆ ಕೈ ಹಾಕಿದ್ದಾರೆ...

...

ಚಿಕ್ಕಪ್ಪಾ. ಹೋದವಾರ ಬಂದಾಗ ನಿಮ್ಮ ಕೋರ್ಟಿನ ಕರಿ ಕೋಟು ಕೆಳಗೆ ಒಗೆಯೋಕೆ ಕೊಟ್ಟು ಹೋಗಿದ್ರಲ್ಲ... ಇನ್ನೂ ಒಣಗಿಲ್ಲ ಅಂದ್ರಾ ಇವರು?

...

ಒಣಗಿದೆ. ಚೆನ್ನಾಗೇ ಒಣಗಿದೆ.

...

ಹೆಸರು ಹಾಕೇ ಬರೀಬೇಕಾ? ಫೋಟೋ ಸಮೇತ? ಈಗ್ಲೇನಾ? ಚಿಕ್ಕಪ್ಪಾ, ಕಿರುಚಬೇಡಿ, ಅವರಿಗೆ ಕೇಳಿಸುತ್ತೆ, ನನ್ನ ಮನೆ... ಹಲೋ? ... ಹಲೋ?